ಹಳೆಯ ಕಾರ್ಬುರೇಟರ್ ಕಾರಿಗೆ ಯಾವ ಕ್ಯಾಮ್‌ಶಾಫ್ಟ್ ಹಾಕಬೇಕು?

ಪ್ರಶ್ನೆ: ನನ್ನ ಹತ್ತಿರ 1969ರ ಎಂಜಿಬಿ ಇದೆ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಬ್ರೇಕ್ ಸರ್ವೊ (ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಬ್ರೇಕ್ ಪೆಡಲ್ ಹಗುರ ಮಾಡುವ ಸಾಧನ) ಇದೆ, ಓವರ್‌ಡ್ರೈವ್ (ಹೆದ್ದಾರಿಯಲ್ಲಿ ಎಂಜಿನ್ ವೇಗ ಇಳಿಸುವ ಹೆಚ್ಚುವರಿ ಗೇರ್) ಇಲ್ಲ. ರಜೆ ದಿನಗಳಲ್ಲಿ ಹೆದ್ದಾರಿಯಲ್ಲಿ ಓಡಿಸುತ್ತೇನೆ. ಆಗಾಗ ಟ್ರಾಫಿಕ್‌ನಲ್ಲೂ ಸಿಕ್ಕಿಹಾಕಿಕೊಳ್ಳುತ್ತೇನೆ. ಇತ್ತೀಚೆಗೆ ಗಾಡಿ ಮಂಕಾಗಿದೆ ಅನ್ನಿಸುತ್ತಿದೆ. ಹೇಗೂ ಎಂಜಿನ್ ಬಿಚ್ಚಿಸುತ್ತಿದ್ದೇನೆ, ಇದೇ ಸಮಯಕ್ಕೆ ಒಳ್ಳೆಯ ಕ್ಯಾಮ್‌ಶಾಫ್ಟ್ ಹಾಕಿಸೋಣ ಅಂತ ಆಸೆ. ಒಂದು 268 ಡಿಗ್ರಿಯದು ಸಿಗುತ್ತದೆ, ಇನ್ನೊಂದು 280 ಡಿಗ್ರಿಯದು. ಎರಡಕ್ಕೂ ಬೆಲೆ ಒಂದೇ. ಹಾಗಿದ್ದ ಮೇಲೆ ದೊಡ್ಡದನ್ನೇ ಹಾಕಿಸಿಬಿಡಲಾ?

ಉತ್ತರ: ಬೇಡ. 268 ಹಾಕಿಸಿ. ಅದನ್ನೂ ಹಳೆಯ ಕ್ಯಾಮ್ ಯಾವ ಸ್ಥಿತಿಯಲ್ಲಿದೆ ಅಂತ ನೋಡಿದ ಮೇಲೆ ಹಾಕಿಸಿ. ಕ್ಯಾಮ್ ಅಂದರೆ ಲೋಬ್ ಅನ್ನುವ ಉಬ್ಬುಗಳಿಂದ ವಾಲ್ವ್‌ಗಳನ್ನು ತೆರೆದು ಮುಚ್ಚುವ ಶಾಫ್ಟ್. 280 ಯಾಕೆ ಬೇಡ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮುಂದೆ ಯಾರಾದರೂ ಮೂರನೇ ಕ್ಯಾಮ್ ಒಂದನ್ನು ತೋರಿಸಿದರೂ ನೀವೇ ಲೆಕ್ಕ ಹಾಕಿ ಹೇಳುವ ಹಾಗಾಗಬೇಕು.

ಮೊದಲು ಆ 'ಮಂಕು' ಅನ್ನುವ ಮಾತು. ಐವತ್ತು ವರ್ಷ ದಾಟಿದ ಎಂಜಿನ್ ಮಂಕಾಗುವುದಕ್ಕೆ ನೂರು ಕಾರಣ ಇರುತ್ತವೆ. ಡಿಸ್ಟ್ರಿಬ್ಯೂಟರ್ ಒಳಗಿನ ಅಡ್ವಾನ್ಸ್ ತೂಕಗಳು (ಎಂಜಿನ್ ವೇಗ ಏರಿದ ಹಾಗೆ ಕಿಡಿಯನ್ನು ಬೇಗ ಬರಿಸುವವು) ತುಕ್ಕು ಹಿಡಿದು ಅಲ್ಲಾಡದೆ ಕೂತಿರಬಹುದು. ಕಾರ್ಬುರೇಟರಿನ ಥ್ರಾಟಲ್ ಸ್ಪಿಂಡಲ್ ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿರಬಹುದು. ಪೆಡಲ್ ಪೂರ್ತಿ ತುಳಿದರೂ ಥ್ರಾಟಲ್ ಮುಕ್ಕಾಲು ಭಾಗ ಮಾತ್ರ ತೆರೆಯುತ್ತಿರಬಹುದು. ನಗಬೇಡಿ, ಇದು ತುಂಬಾ ಸಾಮಾನ್ಯ. ಒಬ್ಬರು ಪೆಡಲ್ ತುಳಿದು ಹಿಡಿದುಕೊಳ್ಳಲಿ, ಇನ್ನೊಬ್ಬರು ಕಾರ್ಬುರೇಟರ್ ಹತ್ತಿರ ನಿಂತು ನೋಡಲಿ. ಎರಡು ನಿಮಿಷದ ಕೆಲಸ.

ಇವೆಲ್ಲ ಸರಿ ಇದ್ದರೆ ಹಳೆಯ ಕ್ಯಾಮ್ ಅನ್ನೇ ಅಳೆಯಿರಿ. ರಾಕರ್ ಶಾಫ್ಟ್ ತೆಗೆದು, ಒಂದೊಂದು ಪುಶ್‌ರಾಡ್ (ಲೋಬಿನ ಏರಿಳಿತವನ್ನು ಮೇಲಿನ ವಾಲ್ವ್ ಕಡೆಗೆ ಮುಟ್ಟಿಸುವ ಕಡ್ಡಿ) ತುದಿಗೂ ಡಯಲ್ ಗೇಜ್ ಕೂರಿಸಿ, ಕ್ರ್ಯಾಂಕ್ ನಿಧಾನಕ್ಕೆ ತಿರುಗಿಸಿ. ಎಂಟು ಲೋಬ್‌ಗಳೂ ಹೆಚ್ಚುಕಡಿಮೆ ಒಂದೇ ಎತ್ತರ ತೋರಿಸಬೇಕು. ಯಾವುದಾದರೂ ಒಂದು ಉಳಿದವುಗಳಿಗಿಂತ ಕಾಲು ಮಿಲಿಮೀಟರ್ ಕಡಿಮೆ ಏರಿದರೆ ಆ ಲೋಬ್ ಸವೆದಿದೆ, ಅನುಮಾನವೇ ಬೇಡ. ಹಾಗೆ ಸವೆದ ಕ್ಯಾಮ್ ತೆಗೆದು ಹೊಸದು ಹಾಕಿದವರು 'ಎಂಥಾ ಕ್ಯಾಮ್ ಮಾರಾಯ್ರೇ, ಗಾಡಿ ಹಾರುತ್ತೆ' ಅಂತ ಹೇಳಿಕೊಂಡು ಓಡಾಡುತ್ತಾರೆ. ಅದರಲ್ಲಿ ಅರ್ಧದಷ್ಟು ಸುಖ ಕಂಪನಿಯ ಹಳೇ ಮಾದರಿಯನ್ನೇ ಹೊಸದಾಗಿ ಹಾಕಿದ್ದರೂ ಸಿಗುತ್ತಿತ್ತು.

ಈಗ ಕ್ಯಾಮ್ ಲೆಕ್ಕಕ್ಕೆ ಬರೋಣ. ಕ್ಯಾಮ್ ಅಂದರೆ ಜನ ಡ್ಯುರೇಶನ್ ಒಂದನ್ನೇ ನೋಡುತ್ತಾರೆ, ಅಂದರೆ ವಾಲ್ವ್ ತೆರೆದಿರುವಷ್ಟು ಹೊತ್ತು ಕ್ರ್ಯಾಂಕ್ ತಿರುಗುವ ಡಿಗ್ರಿ. 268, 280, 300. ಆದರೆ ಕ್ಯಾಮ್ ಜೊತೆ ಬರುವ ಕಾರ್ಡಿನಲ್ಲಿ ನಾಲ್ಕು ಸಂಖ್ಯೆಗಳ ಒಂದು ಸಾಲು ಇರುತ್ತದೆ. ನಿಜವಾದ ವಿಷಯ ಇರುವುದು ಅಲ್ಲಿ. ನಿಮ್ಮ ಎಂಜಿನ್ನಿನ ಕಂಪನಿ ಕ್ಯಾಮ್ 16-56-51-21. ಅಂದರೆ ಮಿಶ್ರಣ ಒಳಬಿಡುವ ಇನ್‌ಲೆಟ್ ವಾಲ್ವ್ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ 16 ಡಿಗ್ರಿ ಮೊದಲೇ ತೆರೆಯುತ್ತದೆ. ಕೆಳಗಿನ ತುದಿ ದಾಟಿ 56 ಡಿಗ್ರಿ ಆದ ಮೇಲೆ ಮುಚ್ಚುತ್ತದೆ. ಸುಟ್ಟ ಅನಿಲ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕೆಳಗಿನ ತುದಿಗೆ 51 ಡಿಗ್ರಿ ಮೊದಲು ತೆರೆದು, ಮೇಲಿನ ತುದಿ ದಾಟಿ 21 ಡಿಗ್ರಿಗೆ ಮುಚ್ಚುತ್ತದೆ. 16ಕ್ಕೆ 180 ಸೇರಿಸಿ, 56 ಸೇರಿಸಿ, 252 ಬಂತು. ಅದೇ ಡ್ಯುರೇಶನ್. ಎಕ್ಸಾಸ್ಟಿಗೂ ಅಷ್ಟೇ ಬರುತ್ತದೆ.

268 ಡಿಗ್ರಿಯ ಕ್ಯಾಮ್ ಸಾಮಾನ್ಯವಾಗಿ 26-62-62-26 ಇರುತ್ತದೆ. 280ರದು 30-70-70-30. ನಿಮ್ಮ ಕೈಗೆ ಬರುವ ಕಾರ್ಡಿನಲ್ಲಿ ಒಂದೆರಡು ಡಿಗ್ರಿ ಆಚೀಚೆ ಇರಬಹುದು, ಲೆಕ್ಕದ ದಾರಿ ಅದೇ.

ಈ ನಾಲ್ಕರಲ್ಲಿ ನಾನು ಮೊದಲು ನೋಡುವುದು ಎರಡನೆಯದನ್ನು. ಇನ್‌ಲೆಟ್ ವಾಲ್ವ್ ಮುಚ್ಚುವ ಹೊತ್ತು. ರಸ್ತೆ ಕಾರಿನ ಸ್ವಭಾವವನ್ನು ಬೇರೆ ಯಾವ ಸಂಖ್ಯೆಯೂ ಇದರಷ್ಟು ನಿರ್ಧರಿಸುವುದಿಲ್ಲ.

ಪಿಸ್ಟನ್ ಕೆಳಗಿನ ತುದಿ ಮುಟ್ಟಿ ಮತ್ತೆ ಮೇಲೇರಲು ಶುರು ಮಾಡಿದೆ, ಆದರೂ ವಾಲ್ವ್ ತೆರೆದೇ ಇದೆ. ಇದು ಯಾಕೆ ಬೇಕು? ವೇಗವಾಗಿ ಒಳಗೆ ನುಗ್ಗುತ್ತಿರುವ ಗಾಳಿಗೆ ತನ್ನದೇ ರಭಸ ಇರುತ್ತದೆ. ಪಿಸ್ಟನ್ ಎಳೆಯುವುದನ್ನು ನಿಲ್ಲಿಸಿದರೂ ಗಾಳಿ ನಿಲ್ಲುವುದಿಲ್ಲ, ಇನ್ನೂ ಒಂದಷ್ಟು ಒಳಗೆ ತುಂಬಿಕೊಳ್ಳುತ್ತದೆ. 5000 ಆರ್‌ಪಿಎಂನಲ್ಲಿ ಈ ರಭಸ ಜಾಸ್ತಿ. ಹಾಗಾಗಿ ತಡವಾಗಿ ಮುಚ್ಚಿದಷ್ಟೂ ಲಾಭ. 1500ರಲ್ಲಿ ರಭಸ ಇರುವುದೇ ಇಲ್ಲ. ಆಗ ತಡವಾಗಿ ಮುಚ್ಚಿದರೆ, ಎಳೆದುಕೊಂಡ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಪಿಸ್ಟನ್ ವಾಪಸ್ ಮ್ಯಾನಿಫೋಲ್ಡಿಗೇ ತಳ್ಳುತ್ತದೆ. ನೀವು ಪೆಡಲ್ ಒತ್ತುತ್ತೀರಿ, ಗಾಡಿ 'ಊಂ' ಅಂತ ಸದ್ದು ಮಾಡುತ್ತದೆ, ಎಳೆಯುವುದಿಲ್ಲ.

ಎಷ್ಟು ವಾಪಸ್ ಹೋಗುತ್ತದೆ ಅನ್ನುವುದನ್ನು ಲೆಕ್ಕ ಹಾಕಬಹುದು. ನಿಮ್ಮ ಎಂಜಿನ್ನಿನ ಸ್ಟ್ರೋಕ್ 88.9 ಮಿ.ಮೀ. ಕಂಪನಿ ಕ್ಯಾಮ್‌ನಲ್ಲಿ ಇನ್‌ಲೆಟ್ 56 ಡಿಗ್ರಿಗೆ ಮುಚ್ಚುವ ಹೊತ್ತಿಗೆ ಪಿಸ್ಟನ್ ಮುಂದೆ ಇನ್ನೂ ಸುಮಾರು 73 ಮಿ.ಮೀ. ದಾರಿ ಇರುತ್ತದೆ, ಅಂದರೆ ಸ್ಟ್ರೋಕಿನ ಶೇ 83. ನಿಜವಾದ ಒತ್ತುವಿಕೆ ನಡೆಯುವುದು ಇಷ್ಟರಲ್ಲೇ. 62 ಡಿಗ್ರಿಗೆ ಮುಚ್ಚಿದರೆ ಶೇ 79 ಉಳಿಯುತ್ತದೆ. 70 ಡಿಗ್ರಿಗೆ ಮುಚ್ಚಿದರೆ ಶೇ 73. ಕಾಲು ಭಾಗಕ್ಕಿಂತ ಜಾಸ್ತಿ ಸ್ಟ್ರೋಕ್ ಸುಮ್ನೆ ಕಳೆದುಹೋಯಿತು.

ಇದನ್ನೇ ಕಂಪ್ರೆಷನ್ ಲೆಕ್ಕದಲ್ಲಿ, ಅಂದರೆ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕದಲ್ಲಿ ನೋಡಿ. ಪುಸ್ತಕದಲ್ಲಿ ನಿಮ್ಮ ಎಂಜಿನ್ 8.8:1. ಆದರೆ ವಾಲ್ವ್ ಮುಚ್ಚಿದ ಮೇಲಿನ ಸ್ಟ್ರೋಕ್ ಮಾತ್ರ ಹಿಡಿದರೆ ಕಂಪನಿ ಕ್ಯಾಮ್‌ನಲ್ಲಿ ಸಿಗುವುದು ಸುಮಾರು 7.5:1. ಬೇರೇನೂ ಮುಟ್ಟದೆ 268 ಹಾಕಿದರೆ 7.1ಕ್ಕೆ ಇಳಿಯುತ್ತದೆ. 280 ಹಾಕಿದರೆ 6.7. ಕೆಳಗಿನ ಆರ್‌ಪಿಎಂನಲ್ಲಿ ಎಂಜಿನ್ ಸತ್ತಂತೆ ಇರುವುದಕ್ಕೆ ಇಷ್ಟು ಸಾಕು.

ಕಳೆದುಕೊಂಡದ್ದನ್ನು ವಾಪಸ್ ಪಡೆಯಬೇಕಾದರೆ ಹೆಡ್ ಸ್ಕಿಮ್ ಮಾಡಿಸಿಯೋ (ಅದರ ತಳವನ್ನು ಅರೆಸಿ ತೆಳು ಮಾಡಿಸಿ) ಪಿಸ್ಟನ್ ಬದಲಿಸಿಯೋ ಪುಸ್ತಕದ ಕಂಪ್ರೆಷನ್ ಏರಿಸಬೇಕು. 268ಕ್ಕೆ 9.2:1 ಮಾಡಿದರೆ ಸಾಕು. ಒಂದು ಸಿಲಿಂಡರಿಗೆ 3 ಸಿಸಿ ಕೂಡ ಕಡಿಮೆ ಮಾಡಬೇಕಾಗಿಲ್ಲ. ಹೆಡ್ ಸಮ ಮಾಡಿಸುವಾಗ ಸ್ವಲ್ಪ ಜಾಸ್ತಿ ತೆಗೆಸಿದರೆ ಬಂದುಬಿಡುತ್ತದೆ. 280ಕ್ಕೆ 9.8:1 ಬೇಕು. ಒಂದೊಂದು ಸಿಲಿಂಡರಿನಿಂದ ಆರೂವರೆ ಸಿಸಿ ತೆಗೆಯಬೇಕು. ಅಷ್ಟು ಸ್ಕಿಮ್ ಮಾಡಿದರೆ ಪುಶ್‌ರಾಡ್ ಉದ್ದ, ರಾಕರ್ ಕೋನ, ವಾಲ್ವ್-ಪಿಸ್ಟನ್ ಅಂತರ, ಎಲ್ಲವನ್ನೂ ಮತ್ತೆ ನೋಡಬೇಕಾಗುತ್ತದೆ. ಬೆಲೆ ಒಂದೇ ಅಂದಿರಲ್ಲ, ಆ ಬೆಲೆ ಡಬ್ಬಿಯೊಳಗಿನ ಕ್ಯಾಮ್‌ಗೆ ಮಾತ್ರ. ಅದರ ಹಿಂದೆ ಬರುವ ಮೆಷಿನ್ ಶಾಪ್ ಬಿಲ್ ಬೇರೆ.

ಇನ್ನು ಓವರ್‌ಲ್ಯಾಪ್. ಮೇಲಿನ ತುದಿಯ ಹತ್ತಿರ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಅದು. ಸಾಲಿನ ಮೊದಲ ಮತ್ತು ಕೊನೆಯ ಸಂಖ್ಯೆ ಕೂಡಿಸಿದರೆ ಸಿಗುತ್ತದೆ. ಕಂಪನಿದು 37, 268ಕ್ಕೆ 52, 280ಕ್ಕೆ 60. ಇದು ಜಾಸ್ತಿ ಆದಷ್ಟೂ ಐಡಲ್ ಒರಟಾಗುತ್ತದೆ, ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಬೀಳುತ್ತದೆ. ಸುಡದ ಪೆಟ್ರೋಲ್ ನೇರವಾಗಿ ಸೈಲೆನ್ಸರಿಗೆ ಹೋಗುವುದರಿಂದ ಹೊಗೆ ಪರೀಕ್ಷೆಯಲ್ಲೂ ತಕರಾರು ಬರಬಹುದು. ಆ ಲಯದ 'ಗುಡ್ ಗುಡ್ ಗುಡ್' ಸದ್ದು ಕೇಳಲು ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಮೂರನೇ ಸಿಗ್ನಲ್ ಹೊತ್ತಿಗೆ ಸಾಕಾಗಿರುತ್ತದೆ.

ಆದರೆ ನಿಮ್ಮ ಎಂಜಿನ್ನಿನಲ್ಲಿ ಓವರ್‌ಲ್ಯಾಪ್‌ಗಿಂತ ಸೂಕ್ಷ್ಮವಾದ ಒಂದು ವಿಷಯ ಇದೆ. ಎಂಜಿಬಿಯ ಬಿ-ಸೀರೀಸ್ ಹೆಡ್‌ನಲ್ಲಿ ನಾಲ್ಕು ಸಿಲಿಂಡರಿಗೆ ಇನ್‌ಲೆಟ್ ಪೋರ್ಟ್ ಎರಡೇ. ಒಂದನೇ ಮತ್ತು ಎರಡನೇ ಸಿಲಿಂಡರಿಗೆ ಸೇರಿ ಒಂದು, ಮೂರು ಮತ್ತು ನಾಲ್ಕಕ್ಕೆ ಸೇರಿ ಇನ್ನೊಂದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳ ಸರದಿ, 1-3-4-2. ಎರಡನೇ ಸಿಲಿಂಡರ್ ಗಾಳಿ ಎಳೆದ ತಕ್ಷಣ, 180 ಡಿಗ್ರಿ ಕಳೆದು ಒಂದನೆಯದು ಅದೇ ಪೋರ್ಟಿನಿಂದ ಎಳೆಯಲು ಶುರು ಮಾಡುತ್ತದೆ. ಆಮೇಲೆ ಆ ಪೋರ್ಟಿನಿಂದ ಮುಂದಿನ ಎಳೆತ ಶುರುವಾಗುವುದು 540 ಡಿಗ್ರಿ ಕಳೆದ ಮೇಲೆಯೇ. ಮೂರು-ನಾಲ್ಕರ ಜೋಡಿಯದೂ ಇದೇ ಕಥೆ.

ಇಲ್ಲಿ ಒಂದು ಜಗಳ ಇದೆ. ಎರಡನೇ ಸಿಲಿಂಡರ್ ಕೆಳಗಿನ ತುದಿ ದಾಟಿ ಮೇಲೇರುತ್ತಿದೆ, ಅದರ ಇನ್‌ಲೆಟ್ ಇನ್ನೂ ಮುಚ್ಚಿಲ್ಲ. ಅಷ್ಟರಲ್ಲಿ ಒಂದನೇ ಸಿಲಿಂಡರಿನ ಇನ್‌ಲೆಟ್ ತೆರೆದು ಪಿಸ್ಟನ್ ಕೆಳಗಿಳಿಯಲು ಹೊರಟಿದೆ. ಎರಡೂ ವಾಲ್ವ್‌ಗಳು ಒಂದೇ ಪೋರ್ಟಿಗೆ ತೆರೆದುಕೊಂಡಿವೆ. ಒಂದು ತಳ್ಳುತ್ತಿದೆ, ಇನ್ನೊಂದು ಎಳೆಯುತ್ತಿದೆ. ಎರಡನೆಯದರ ಬಾಯಿಗೆ ಬಂದ ತುತ್ತು ಒಂದನೆಯದಕ್ಕೆ ಹೋಗುತ್ತದೆ. ಕಂಪನಿ ಕ್ಯಾಮ್‌ನಲ್ಲಿ ಈ ಸ್ಥಿತಿ 16 ಮತ್ತು 56 ಸೇರಿ 72 ಡಿಗ್ರಿ ಇರುತ್ತದೆ. 268ರಲ್ಲಿ 88. 280ರಲ್ಲಿ ಸರಿಯಾಗಿ 100. ಕೆಳಗಿನ ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ಹಸಿದಿರುತ್ತದೆ, ಪಕ್ಕದ್ದು ತೇಗುತ್ತಿರುತ್ತದೆ. ಎರಡಕ್ಕೂ ಸರಿಹೋಗುವ ಹಾಗೆ ಕಾರ್ಬುರೇಟರ್ ಟ್ಯೂನ್ ಮಾಡುವುದು ಆಗುವುದಿಲ್ಲ. ಸಿಲಿಂಡರಿಗೊಂದು ಪೋರ್ಟ್, ಸಿಲಿಂಡರಿಗೊಂದು ಕಾರ್ಬುರೇಟರ್ ಬಾಯಿ ಇರುವ ಎಂಜಿನ್ನು 280ನ್ನು ಸಲೀಸಾಗಿ ಸಹಿಸಿಕೊಳ್ಳುತ್ತದೆ. ನಿಮ್ಮದರಲ್ಲಿ ಅದೇ 280 ಹೆಚ್ಚು ಕಾಟ ಕೊಡುತ್ತದೆ. ಬೇರೆ ಎಂಜಿನ್ನಿನವರು ಕೊಡುವ ಸಲಹೆಯನ್ನು ಹಾಗೇ ತೆಗೆದುಕೊಳ್ಳಬೇಡಿ ಅನ್ನುವುದಕ್ಕೆ ಇದೇ ಕಾರಣ. ಇದೇ ತರಹದ ಪೋರ್ಟ್ ಇರುವ ಚಿಕ್ಕ ಎ-ಸೀರೀಸ್ ಎಂಜಿನ್ನಿಗೆ ಒಳಗಿನ ಮತ್ತು ಹೊರಗಿನ ಸಿಲಿಂಡರಿಗೆ ಬೇರೆ ಬೇರೆ ಟೈಮಿಂಗ್ ಕೊಟ್ಟ 'ಸ್ಕ್ಯಾಟರ್' ಕ್ಯಾಮ್‌ಗಳನ್ನೇ ಮಾಡುತ್ತಾರೆ. ಈ ಜಗಳ ಬಿಡಿಸುವುದಕ್ಕೇ ಅವು ಹುಟ್ಟಿದ್ದು.

ಲಿಫ್ಟ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವಾಲ್ವ್ ತನ್ನ ವ್ಯಾಸದ ಕಾಲು ಭಾಗದಷ್ಟು ಎದ್ದಾಗ, ಸುತ್ತಲಿನ ಸಂದಿಯ ವಿಸ್ತೀರ್ಣ ವಾಲ್ವ್‌ನ ವಿಸ್ತೀರ್ಣಕ್ಕೆ ಸಮ ಆಗುತ್ತದೆ. ನಿಮ್ಮ ಇನ್‌ಲೆಟ್ ವಾಲ್ವ್ ಸುಮಾರು 39.7 ಮಿ.ಮೀ. ಅದರ ಕಾಲು ಭಾಗ 10 ಮಿ.ಮೀ.ಗೆ ಒಂದು ಕೂದಲು ಕಡಿಮೆ. ಕಂಪನಿ ಕ್ಯಾಮ್ 9 ಮಿ.ಮೀ. ಆಚೀಚೆ ಎತ್ತುತ್ತದೆ. ಅಲ್ಲಿಗೆ ಬಹುಮಟ್ಟಿಗೆ ಮುಟ್ಟಿಯೇ ಬಿಟ್ಟಿದ್ದೀರಿ. ಅದರ ಮೇಲೆ ಪೋರ್ಟೇ ಅಡ್ಡ ಬರುತ್ತದೆ. ಒಂದು ಮಿಲಿಮೀಟರ್ ಜಾಸ್ತಿ ಎತ್ತಿದರೆ ಲಾಭ ಖಂಡಿತ ಇದೆ, ಯಾಕೆಂದರೆ ಏರುವಾಗ ಇಳಿಯುವಾಗ ವಾಲ್ವ್ ಹೆಚ್ಚು ಹೊತ್ತು ಚೆನ್ನಾಗಿ ತೆರೆದಿರುತ್ತದೆ. ಆದರೆ ಲಿಫ್ಟ್ ಏರಿದ ಹಾಗೆ ಸ್ಪ್ರಿಂಗ್ ಮತ್ತು ಫಾಲೋವರ್ (ಲೋಬ್ ಮೇಲೆ ಕೂತು ಪುಶ್‌ರಾಡ್ ಎತ್ತುವ ತುಂಡು) ಮೇಲಿನ ಭಾರವೂ ಏರುತ್ತದೆ. ಕೈಯಲ್ಲಿ ದುಡ್ಡು ಉಳಿದಿದ್ದರೆ ವಾಲ್ವ್ ಸೀಟಿನ ಸುತ್ತ ಪೋರ್ಟ್ ಸರಿ ಮಾಡಿಸಿ, ಅಲ್ಲಿ ಹಾಕಿದ್ದು ಎಲ್ಲ ಆರ್‌ಪಿಎಂನಲ್ಲೂ ವಾಪಸ್ ಬರುತ್ತದೆ.

ಸರಿ, ಯಾವ ಆರ್‌ಪಿಎಂ ನಿಮಗೆ ಬೇಕು? ಇದನ್ನು ಗೇರ್ ಹೇಳುತ್ತದೆ, ಆಸೆ ಅಲ್ಲ. ಓವರ್‌ಡ್ರೈವ್ ಇಲ್ಲದ ಎಂಜಿಬಿ ನಾಲ್ಕನೇ ಗೇರಿನಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 29 ಕಿ.ಮೀ. ವೇಗ ಕೊಡುತ್ತದೆ. 80ರಲ್ಲಿ ಹೋಗುವಾಗ 2800 ಆಸುಪಾಸು, 100ರಲ್ಲಿ 3500. ಕಂಪನಿ ಎಂಜಿನ್ನಿನ ಗರಿಷ್ಠ ಟಾರ್ಕ್ 3000 ಆರ್‌ಪಿಎಂನಲ್ಲಿ ಬರುತ್ತದೆ, ಗರಿಷ್ಠ ಪವರ್ 5400ರಲ್ಲಿ. ಅಂದರೆ ನೀವು ಹೆದ್ದಾರಿಯಲ್ಲಿ ಇರುವ ಜಾಗದಲ್ಲೇ ಟಾರ್ಕ್ ಕೂತಿದೆ. ಮಾಡಿದವರು ಸುಮ್ನೆ ಮಾಡಿಲ್ಲ ಅದನ್ನು.

268 ಈ ಟಾರ್ಕನ್ನು ಒಂದು 500 ಆರ್‌ಪಿಎಂ ಮೇಲಕ್ಕೆ ತಳ್ಳುತ್ತದೆ ಅಂದುಕೊಳ್ಳಿ. ಕಂಪ್ರೆಷನ್ ಸರಿ ಮಾಡಿದ್ದರೆ 2000ದಲ್ಲಿ ಕಳೆದುಕೊಳ್ಳುವುದು ಗೊತ್ತೇ ಆಗುವುದಿಲ್ಲ. 3500ರ ಮೇಲೆ ಒಳ್ಳೆಯ ಉಸಿರು ಬರುತ್ತದೆ. ಓವರ್‌ಟೇಕ್ ಮಾಡಲು ಮೂರನೇ ಗೇರಿಗೆ ಇಳಿಸಿದಾಗ ಫಲ ಕಾಣುತ್ತದೆ. 280 ಎಚ್ಚರ ಆಗುವುದೇ 3000 ದಾಟಿದ ಮೇಲೆ. ನಾಲ್ಕನೇ ಗೇರಿನಲ್ಲಿ 60ರಲ್ಲಿ ಹೋಗುತ್ತಾ ಪೆಡಲ್ ಒತ್ತಿದರೆ ಕಾರು ನಿಮ್ಮ ಮಾತು ಕೇಳದು, ಪ್ರತಿ ಸಲ ಗೇರ್ ಇಳಿಸಬೇಕು. ಅದರ ಮೇಲ್ತುದಿಯ ಪವರ್ ಪಡೆಯಲು 6000 ದಾಟಿಸಬೇಕು, ಎಂಜಿಬಿಯ ಗೇಜ್‌ನಲ್ಲಿ ಕೆಂಪು ಪಟ್ಟಿ ಇರುವುದೇ ಅಲ್ಲಿ. ಆ ಉದ್ದನೆಯ ಸ್ಟ್ರೋಕಿನ ಭಾರದ ಪಿಸ್ಟನ್‌ಗಳನ್ನು ದಿನವೂ ಅಲ್ಲಿಗೆ ಎಳೆಯುವವರು ಆಗಾಗ ಬೇರಿಂಗ್ ಬದಲಿಸಲೂ ತಯಾರಿರಬೇಕು.

ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ, ಎಚ್ಚರಿಸುತ್ತೇನೆ. ಒಬ್ಬರ 268 ಮತ್ತೊಬ್ಬರ 268 ಒಂದೇ ಅಲ್ಲ. ಫಾಲೋವರ್ ಎಷ್ಟು ಎದ್ದ ಮೇಲೆ ಎಣಿಸಲು ಶುರು ಮಾಡಿದರು ಅನ್ನುವುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಒಂದು ಇಂಚಿನ ಸಾವಿರದ ನಾಲ್ಕು ಭಾಗ ಎದ್ದಾಗಿಂದ ಕೆಲವರು ಎಣಿಸುತ್ತಾರೆ, ಆರು ಭಾಗದಿಂದ ಕೆಲವರು. ಹೋಲಿಸಲು ಸರಿಯಾದ ದಾರಿ ಫಾಲೋವರ್ 0.050 ಇಂಚು, ಅಂದರೆ 1.27 ಮಿ.ಮೀ. ಎದ್ದಾಗಿನ ಡ್ಯುರೇಶನ್ ಕೇಳುವುದು. ಡಬ್ಬಿಯ ಮೇಲೆ 280 ಅಂತಿರುವ ಕ್ಯಾಮ್ ಈ ಲೆಕ್ಕದಲ್ಲಿ 230ರ ಹತ್ತಿರ ಬರಬಹುದು. ಎರಡು ಕ್ಯಾಮ್‌ಗಳನ್ನು ಪಕ್ಕಪಕ್ಕ ಇಟ್ಟು ಈ ಸಂಖ್ಯೆ ನೋಡಿ. ಕೊಡಲು ಆಗದ ಅಂಗಡಿಯವರಿಂದ ಕ್ಯಾಮ್ ತೆಗೆದುಕೊಳ್ಳಬೇಡಿ. ಅದೇ ರೀತಿ ಹಳೆಯ ಕ್ಯಾಮನ್ನೇ ಅರೆದು ಕೊಟ್ಟಿದ್ದಾರಾ, ಹೊಸ ಬ್ಲಾಂಕಿನಿಂದ ಮಾಡಿದ್ದಾರಾ ಕೇಳಿ. ಅರೆದ ಕ್ಯಾಮ್ ಕೆಟ್ಟದ್ದೇನಲ್ಲ. ಆದರೆ ಅದರ ಬೇಸ್ ಸರ್ಕಲ್ (ಲೋಬಿನ ಉಬ್ಬು ಬಿಟ್ಟು ಉಳಿದ ದುಂಡು ಭಾಗ) ಚಿಕ್ಕದಾಗಿರುತ್ತದೆ. ಫಾಲೋವರ್ ಕೆಳಗೆ ಕೂರುತ್ತದೆ, ಪುಶ್‌ರಾಡ್ ಅಷ್ಟು ಗಿಡ್ಡ ಆದ ಹಾಗೆ. ಹೆಡ್ ಸ್ಕಿಮ್ ಆಗಿದ್ದರೆ ಎರಡೂ ಒಂದನ್ನೊಂದು ಸ್ವಲ್ಪ ಸರಿದೂಗಿಸುತ್ತವೆ, ಆದರೂ ರಾಕರ್ ಅಡ್ಜಸ್ಟರ್ ಎಷ್ಟು ಎಳೆ ಹೊರಗಿದೆ ನೋಡಿಕೊಳ್ಳಿ.

ಕಾರ್ಬುರೇಟರ್ ವಿಷಯಕ್ಕೆ ಬಂದರೆ ನೀವು ಅದೃಷ್ಟವಂತರು. ಎಸ್‌ಯುನಲ್ಲಿ ಪಿಸ್ಟನ್ ಗಾಳಿಯ ಹರಿವಿಗೆ ತಕ್ಕಂತೆ ಏರಿಳಿಯುತ್ತದೆ. ಜೆಟ್ ಪೂರ್ತಿ ಬದಲಿಸುವ ರಗಳೆ ಇಲ್ಲ, ಜೆಟ್ ಒಳಗೆ ಏರಿಳಿದು ಪೆಟ್ರೋಲ್ ಅಳೆಯುವ ಮೊನಚು ಕಡ್ಡಿ, ಅಂದರೆ ನೀಡಲ್, ಬದಲಿಸಿದರೆ ಸಾಕು. 268ಕ್ಕೆ ಬಹುಶಃ ಒಂದು ಹಂತ ರಿಚ್ ಆದ (ಪೆಟ್ರೋಲ್ ಜಾಸ್ತಿ ಬಿಡುವ) ನೀಡಲ್ ಬೇಕಾಗುತ್ತದೆ, ಮುಖ್ಯವಾಗಿ ಮೇಲ್ಭಾಗಕ್ಕೆ. ಕೆಳಭಾಗದಲ್ಲಿ ಸಮಸ್ಯೆ ತಿರುವು-ಮುರುವು. ದೊಡ್ಡ ಕ್ಯಾಮ್ ಇದ್ದಾಗ ವಾಪಸ್ ತಳ್ಳಿದ ಮಿಶ್ರಣ ಕಾರ್ಬುರೇಟರ್ ಬಾಯಿಯವರೆಗೂ ಬಂದು ಮತ್ತೆ ಒಳಗೆ ಹೋಗುತ್ತದೆ. ಅದೇ ಗಾಳಿ ಜೆಟ್ ಮೇಲೆ ಮೂರು ಸಲ ಹಾದುಹೋಗುತ್ತದೆ, ಮೂರು ಸಲವೂ ಪೆಟ್ರೋಲ್ ಎತ್ತಿಕೊಳ್ಳುತ್ತದೆ. ಏರ್ ಫಿಲ್ಟರ್ ತೆಗೆದು ನೋಡಿದರೆ ಬಾಯಿ ಮುಂದೆ ಪೆಟ್ರೋಲಿನ ತೆಳು ಮಂಜು ನಿಂತಿರುವುದು ಕಾಣುತ್ತದೆ. ಪ್ಲಗ್ ಕಪ್ಪಾಗುತ್ತದೆ, ಆದರೂ ಎಂಜಿನ್ ತಡವರಿಸುತ್ತದೆ. ಆಗ ನೀಡಲ್ ಲೀನ್ ಮಾಡಿದರೂ ಪೂರ್ತಿ ವಾಸಿ ಆಗುವುದಿಲ್ಲ, ತಪ್ಪು ಕ್ಯಾಮ್‌ನದು. ಏರ್ ಫಿಲ್ಟರ್ ಒಳಗೆ ಪೆಟ್ರೋಲ್ ನೆನೆಯುವುದು ಬೆಂಕಿಯ ದೃಷ್ಟಿಯಿಂದಲೂ ಒಳ್ಳೆಯದಲ್ಲ.

ಇಗ್ನಿಷನ್ ಟೈಮಿಂಗ್ ಮರೆಯಬೇಡಿ. ಅರ್ಧ ಜನ ಮರೆಯುತ್ತಾರೆ, ಆಮೇಲೆ ಕ್ಯಾಮ್‌ಗೆ ಬೈಯುತ್ತಾರೆ. ಓವರ್‌ಲ್ಯಾಪ್ ಜಾಸ್ತಿ ಆದಾಗ ಐಡಲ್‌ನಲ್ಲಿ ಸುಟ್ಟ ಅನಿಲ ಸಿಲಿಂಡರಿನಲ್ಲಿ ಉಳಿಯುತ್ತದೆ, ಮಿಶ್ರಣ ನಿಧಾನಕ್ಕೆ ಉರಿಯುತ್ತದೆ. ಹಾಗಾಗಿ ಕಿಡಿ ಇನ್ನೂ ಬೇಗ ಬೇಕು. ಸ್ಟ್ಯಾಟಿಕ್, ಅಂದರೆ ಎಂಜಿನ್ ನಿಂತಿರುವಾಗ ಹೊಂದಿಸುವ ಟೈಮಿಂಗ್, 10 ಡಿಗ್ರಿ ಇದ್ದದ್ದನ್ನು 13-14ಕ್ಕೆ ತರಬೇಕಾಗಬಹುದು. ಆದರೆ ಹಾಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಮೇಲಿನ ಆರ್‌ಪಿಎಂನ ಒಟ್ಟು ಅಡ್ವಾನ್ಸ್ ಕೂಡ ಅಷ್ಟೇ ಏರುತ್ತದೆ. ಒಟ್ಟು 32 ಡಿಗ್ರಿ ಸುತ್ತಮುತ್ತ ನಿಲ್ಲಿಸಬೇಕು, ದಾಟಿದರೆ ನಾಕಿಂಗ್. ಅದಕ್ಕೆ ಡಿಸ್ಟ್ರಿಬ್ಯೂಟರ್ ಒಳಗಿನ ಯಾಂತ್ರಿಕ ಅಡ್ವಾನ್ಸ್ ಕಡಿಮೆ ಮಾಡಿಸಬೇಕು. ಇದು ಗೊತ್ತಿರುವವರ ಕೈಲೇ ಮಾಡಿಸಿ.

ಬ್ರೇಕ್ ಸರ್ವೊ ಇದೆ ಅಂದಿರಿ, ಅದಕ್ಕೇ 280 ಬೇಡ ಅನ್ನಲು ಇನ್ನೊಂದು ಕಾರಣ ಸಿಕ್ಕಿತು. ಆರೋಗ್ಯವಾಗಿರುವ ಕಂಪನಿ ಎಂಜಿನ್ ಐಡಲ್‌ನಲ್ಲಿ 18ರಿಂದ 20 ಇಂಚು ಪಾದರಸದಷ್ಟು ವ್ಯಾಕ್ಯೂಮ್ ಕೊಡುತ್ತದೆ. 280ರಂಥ ಕ್ಯಾಮ್‌ನಲ್ಲಿ 12-14ಕ್ಕೆ ಇಳಿದರೆ ಆಶ್ಚರ್ಯ ಇಲ್ಲ. ಇಳಿಜಾರಿನಲ್ಲಿ ಗೇರಿನಲ್ಲಿದ್ದು ಪೆಡಲ್ ಬಿಟ್ಟಾಗ ತೊಂದರೆ ಇಲ್ಲ, ಥ್ರಾಟಲ್ ಮುಚ್ಚಿ ಎಂಜಿನ್ ವೇಗವಾಗಿ ತಿರುಗುತ್ತಿರುವುದರಿಂದ ವ್ಯಾಕ್ಯೂಮ್ ಸಾಕಷ್ಟು ಇರುತ್ತದೆ. ತೊಂದರೆ ಟ್ರಾಫಿಕ್‌ನಲ್ಲಿ, ಪಾರ್ಕಿಂಗ್‌ನಲ್ಲಿ. ಎರಡು ಸಲ ಬೇಗ ಬೇಗ ಬ್ರೇಕ್ ಒತ್ತಿದರೆ ಮೂರನೇ ಸಲ ಪೆಡಲ್ ಕಲ್ಲಿನಂತೆ ಗಟ್ಟಿ. 268ರಲ್ಲಿ ಇದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೂ ಸರ್ವೊ ಪೈಪಿನ ನಾನ್-ರಿಟರ್ನ್ ವಾಲ್ವ್ ಹೊಸದು ಹಾಕಿಸಿ.

ಕೂರಿಸುವ ಕೆಲಸಕ್ಕೆ ಬರೋಣ. ಹೊಸ ಕ್ಯಾಮ್‌ಗೆ ಹೊಸ ಫಾಲೋವರ್‌ಗಳೇ ಬೇಕು. ಇದರಲ್ಲಿ ಚೌಕಾಶಿ ಇಲ್ಲ. ಹಳೆಯ ಫಾಲೋವರ್ ಹಳೆಯ ಲೋಬಿನ ಜೊತೆ ಸವೆದು ತನ್ನದೇ ಆಕಾರ ಪಡೆದಿರುತ್ತದೆ. ಹೊಸ ಫಾಲೋವರ್ ಕೆಳಮುಖ ಕಣ್ಣಿಗೆ ಚಪ್ಪಟೆ ಕಂಡರೂ ನಿಜಕ್ಕೂ ಬಲು ಸಣ್ಣಗೆ ಉಬ್ಬಿರುತ್ತದೆ, ಲೋಬ್ ಕೂಡ ಸಣ್ಣಗೆ ಓರೆಯಾಗಿರುತ್ತದೆ. ಇವೆರಡೂ ಸೇರಿಯೇ ಫಾಲೋವರ್ ತಿರುಗುವುದು. ತಿರುಗದ ಫಾಲೋವರ್ ಲೋಬನ್ನು ತಿಂದುಹಾಕುತ್ತದೆ. ಹೊಸ ಫಾಲೋವರ್ ಬೋರಿನಲ್ಲಿ ಕೈಯಿಂದಲೇ ಸಲೀಸಾಗಿ ತಿರುಗುತ್ತಾ ಇಳಿಯಬೇಕು.

ವಾಲ್ವ್ ಪೂರ್ತಿ ಎದ್ದಾಗ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಅಂಟಬಾರದು, ಕನಿಷ್ಠ ಒಂದು ಮಿಲಿಮೀಟರ್ ಸಂದಿ ಉಳಿಯಬೇಕು. ಸ್ಪ್ರಿಂಗ್ ತಟ್ಟೆ ಗೈಡಿಗೆ ತಾಗಬಾರದು. ಪಿಸ್ಟನ್-ವಾಲ್ವ್ ಅಂತರಕ್ಕೆ ಪಿಸ್ಟನ್ ಮೇಲೆ ಪ್ಲಾಸ್ಟಿಸಿನ್ ಉಂಡೆ ಚಪ್ಪಟೆ ಮಾಡಿ ಅಂಟಿಸಿ, ಹೆಡ್ ಕೂರಿಸಿ ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಕತ್ತರಿಸಿ ದಪ್ಪ ಅಳೆಯಿರಿ. ಇನ್‌ಲೆಟ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಇದ್ದರೆ ನೆಮ್ಮದಿ.

ಟೈಮಿಂಗ್ ಚೈನ್ ಗುರುತಿಗೆ ಗುರುತು ಸೇರಿಸಿ ಮುಗಿಸಬೇಡಿ. ಗೇರಿನ ಕೀ ದಾರಿ, ಚೈನಿನ ಸಡಿಲ, ಕ್ಯಾಮ್ ಅರೆಯುವಾಗಿನ ಚೂರು ವ್ಯತ್ಯಾಸ, ಇವೆಲ್ಲ ಸೇರಿ ನಾಲ್ಕೈದು ಡಿಗ್ರಿ ತಪ್ಪುವುದು ಮಾಮೂಲು. ಕ್ರ್ಯಾಂಕಿಗೆ ಡಿಗ್ರಿ ವೀಲ್ ಹಾಕಿ, ಒಂದನೇ ಸಿಲಿಂಡರಿನ ನಿಜವಾದ ಮೇಲಿನ ತುದಿ ಕಂಡುಕೊಳ್ಳಿ. ಇನ್‌ಲೆಟ್ ಪುಶ್‌ರಾಡ್ ಮೇಲೆ ಡಯಲ್ ಗೇಜ್ ಇಡಿ. ಪೂರ್ತಿ ಲಿಫ್ಟ್ ಎಲ್ಲಿ ಅಂತ ನೇರವಾಗಿ ನೋಡಲು ಹೋಗಬೇಡಿ, ಲೋಬಿನ ತುದಿ ಚಪ್ಪಟೆ ಇರುವುದರಿಂದ ಸೂಜಿ ಹಲವು ಡಿಗ್ರಿ ನಿಂತಲ್ಲೇ ನಿಂತಿರುತ್ತದೆ. ಪೂರ್ತಿ ಲಿಫ್ಟಿಗಿಂತ ಒಂದು ಮಿ.ಮೀ. ಕಡಿಮೆ ಇರುವ ಜಾಗವನ್ನು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಗುರುತಿಸಿ. ಏರುವಾಗ 86, ಇಳಿಯುವಾಗ 134 ಬಂತು ಅಂದುಕೊಳ್ಳಿ. ಸರಾಸರಿ 110, ಅಂದರೆ ಮೇಲಿನ ತುದಿ ದಾಟಿ 110 ಡಿಗ್ರಿಗೆ ಪೂರ್ತಿ ಲಿಫ್ಟ್. ಕಾರ್ಡಿನಲ್ಲಿ 108 ಇದ್ದರೆ ನಿಮ್ಮ ಕ್ಯಾಮ್ 2 ಡಿಗ್ರಿ ತಡವಾಗಿದೆ. ಆಫ್‌ಸೆಟ್ ಕೀ ಅಥವಾ ವರ್ನಿಯರ್ ಗೇರಿನಿಂದ ಸರಿ ಮಾಡಿ. ಕೀ ಮೇಲಿನ ಡಿಗ್ರಿ ಕ್ರ್ಯಾಂಕಿನದ್ದೋ ಕ್ಯಾಮ್‌ದ್ದೋ ಕೇಳಿಕೊಳ್ಳಿ, ಕ್ರ್ಯಾಂಕಿನ 2 ಡಿಗ್ರಿ ಕ್ಯಾಮ್‌ನ 1 ಡಿಗ್ರಿ. ನಾನಾದರೆ ನಿಮ್ಮ ಕಾರಿಗೆ 106ಕ್ಕೆ ಇಡುತ್ತೇನೆ. ಇನ್‌ಲೆಟ್ 62ರ ಬದಲು 60ಕ್ಕೆ ಮುಚ್ಚುತ್ತದೆ, ಕೆಳಗಡೆ ಎಳೆತ ಒಂಚೂರು ಜಾಸ್ತಿ. ಮುಂದೆ ಚೈನ್ ಸಡಿಲ ಆದ ಹಾಗೆ ಅದು ತಾನೇ 108ರ ಕಡೆ ಜಾರುತ್ತದೆ. 106ಕ್ಕೆ ಇಟ್ಟರೆ ಇನ್‌ಲೆಟ್ ಮೊದಲೇ ತೆರೆಯುತ್ತದೆ, ಹಾಗಾಗಿ ಆ ಪ್ಲಾಸ್ಟಿಸಿನ್ ಪರೀಕ್ಷೆಯನ್ನು ಈ ಸೆಟ್ಟಿಂಗ್ ಆದ ಮೇಲೆಯೇ ಮಾಡಿ.

ಕೊನೆಗೆ ಮೊದಲ ಸ್ಟಾರ್ಟ್. ಹೊಸ ಕ್ಯಾಮ್ ಹಾಳಾಗುವುದು ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಲೋಬ್‌ಗಳಿಗೂ ಫಾಲೋವರ್ ಮುಖಕ್ಕೂ ಮಾಲಿಬ್ಡಿನಮ್ ಇರುವ ಅಸೆಂಬ್ಲಿ ಪೇಸ್ಟ್ ಧಾರಾಳವಾಗಿ ಬಳಿಯಿರಿ, ಬರೀ ಎಂಜಿನ್ ಆಯಿಲ್ ಸಾಲದು. ಆಯಿಲ್‌ನಲ್ಲಿ ಝಿಂಕ್ ಮತ್ತು ಫಾಸ್ಫರಸ್ ಸಾಕಷ್ಟಿರಬೇಕು. ಹೊಸ ಕಾರುಗಳಿಗೆ ಮಾಡಿದ ತೆಳು ಆಯಿಲ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ಫಾಸ್ಫರಸ್ಸನ್ನು ಶೇ 0.08ಕ್ಕೆ ಮಿತಿ ಮಾಡಿರುತ್ತಾರೆ. ಹಳೆ ಕಾರಿಗೆಂದೇ ಮಾಡಿದ 20ಡಬ್ಲ್ಯೂ-50 ತೆಗೆದುಕೊಳ್ಳಿ. ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ಬಿಚ್ಚಿ ಸ್ಟಾರ್ಟರ್ ತಿರುಗಿಸಿ ಆಯಿಲ್ ಪ್ರೆಶರ್ ಬರಿಸಿ, ಆದರೆ ನಿಮಿಷಗಟ್ಟಲೆ ತಿರುಗಿಸಿ ಪೇಸ್ಟ್ ಒರೆಸಿ ಹಾಕಬೇಡಿ. ಟೈಮಿಂಗ್ ಮೊದಲೇ ಹೊಂದಿಸಿ, ಕಾರ್ಬುರೇಟರ್ ಬಟ್ಟಲಲ್ಲಿ ಪೆಟ್ರೋಲ್ ತುಂಬಿಸಿ ಇಟ್ಟಿರಿ, ಒಂದೇ ಸಲಕ್ಕೆ ಹತ್ತಬೇಕು.

ಹತ್ತಿದ ತಕ್ಷಣ 2000ಕ್ಕೆ ಏರಿಸಿ. ಇಪ್ಪತ್ತು ನಿಮಿಷ 2000-2500ರ ನಡುವೆ ಏರಿಸುತ್ತಾ ಇಳಿಸುತ್ತಾ ಇರಿ. ಐಡಲ್‌ಗೆ ಬಿಡಬೇಡಿ. ಕ್ಯಾಮ್‌ಗೆ ಆಯಿಲ್ ಬಹುಮಟ್ಟಿಗೆ ಕ್ರ್ಯಾಂಕ್ ಎರಚುವುದರಿಂದಲೇ ಸಿಗುವುದು, ಐಡಲ್‌ನಲ್ಲಿ ಅದು ಎರಚುವುದಿಲ್ಲ. ನಿಂತ ಕಾರು ಬಿಸಿಯಾಗುತ್ತದೆ, ರೇಡಿಯೇಟರ್ ಮುಂದೆ ಒಂದು ದೊಡ್ಡ ಫ್ಯಾನ್ ಇಡಿ. ಎಲ್ಲಾದರೂ ಸೋರಿದರೆ ಆಫ್ ಮಾಡಿ, ಸರಿ ಮಾಡಿ, ಮತ್ತೆ ನೇರ 2000ಕ್ಕೆ.

ಇದಾದ ಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದಿ) ಕ್ಯಾಮ್ ಕಾರ್ಡಿನಲ್ಲಿ ಹೇಳಿದಷ್ಟು ಇಡಿ, ಹಳೆಯ ಪುಸ್ತಕದ್ದನ್ನು ಅಲ್ಲ. 500 ಕಿ.ಮೀ. ಆದ ಮೇಲೆ ಎಂಟನ್ನೂ ಮತ್ತೆ ಅಳೆದು ಬರೆದಿಟ್ಟುಕೊಳ್ಳಿ, 1000ಕ್ಕೆ ಇನ್ನೊಮ್ಮೆ. ಎಲ್ಲವೂ ಒಂಚೂರು ಬದಲಾಗಿದ್ದರೆ ಚಿಂತೆ ಇಲ್ಲ, ಹೊಂದಿಕೊಳ್ಳುತ್ತಿವೆ. ಆದರೆ ಏಳು ಸ್ಥಿರವಾಗಿದ್ದು ಒಂದು ಮಾತ್ರ ಪ್ರತಿ ಸಲ ಅಗಲ ಆಗುತ್ತಿದ್ದರೆ ಮತ್ತೆ ಮತ್ತೆ ಅಡ್ಜಸ್ಟ್ ಮಾಡುತ್ತಾ ಓಡಿಸಬೇಡಿ. ಎಂಜಿನ್ ಪಕ್ಕದ ಟ್ಯಾಪೆಟ್ ಕವರ್ ತೆಗೆದು ಆ ಫಾಲೋವರನ್ನು ಹೊರಗೆ ಎಳೆದು ಮುಖ ನೋಡಿ. ನಡುವೆ ಕುಳಿ ಬಿದ್ದಿದ್ದರೆ ಲೋಬ್ ಹೋಗುತ್ತಿದೆ ಅಂತ ಅರ್ಥ. ಅದರ ಪುಡಿ ಆಯಿಲ್ ಜೊತೆ ಬೇರಿಂಗ್‌ಗಳಿಗೆ ಸೇರುವ ಮೊದಲು ಕ್ಯಾಮ್ ಹೊರಗೆ ತೆಗೆಸಿ.